ಗೌರವ ನೀವೇ ಇಟ್ಕೊಳ್ಳಿ, ಆಯಮ್ಮನಿಗೆ ಸಂಬಳ ಕೊಡಿ

ಮೊನ್ನೆ ಶನಿವಾರ ಸಂಜೆ ನಮ್ಮ ಮೈಸೂರು ಜಿಲ್ಲೆಯ ಒಂದು ಹೋಬಳಿ ಊರಿನಲ್ಲಿ, ದಿನಸಿ ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಊರಿನ ಹೆಸರು ಬರೆಯೋದಿಲ್ಲ. ಬರೆದರೆ ನಾಳೆ ನೋಟಿಸು ಹೋಗುವುದು ದೊಡ್ಡವರಿಗಲ್ಲ, ಈಗ ನಾನು ಹೇಳಹೊರಟಿರುವ ಹೆಂಗಸಿಗೆ.

ಬಸ್ಸು ಯಥಾಪ್ರಕಾರ ಲೇಟು. ಅಂಗಡಿಯ ಶೆಟ್ಟರು ಪೊಟ್ಟಣ ಕಟ್ಟುತ್ತಾ ಊರ ಸಮಾಚಾರ ಹೇಳುತ್ತಿದ್ದರು. ಅಷ್ಟರಲ್ಲಿ ಐವತ್ತೈದು ದಾಟಿದ ಒಬ್ಬ ಹೆಂಗಸು ಬಂದರು. ಸೆರಗಿನ ಗಂಟು ಬಿಚ್ಚಿ, ಐನೂರರ ಒಂದು ನೋಟನ್ನು ಗಲ್ಲಾದ ಪಕ್ಕ ಇಟ್ಟರು.

"ಇದು ಹಳೇ ಬಾಕಿಗೆ ಶೆಟ್ರೇ. ಮಿಕ್ಕಿದ್ದು ದುಡ್ಡು ಆದ್ ಮ್ಯಾಲೆ ಕೊಡ್ತೀನಿ."

"ಆಗ್ಲಿ ಬಿಡಕ್ಕ. ಈಗೇನು ಕಟ್ಲಿ? ಬೆಲ್ಲ?"

"ಬೆಲ್ಲ ಬ್ಯಾಡಿ. ಹತ್ತು ಮೊಟ್ಟೆ ಕೊಡಿ. ಬರಕೊಳ್ಳಿ."

ನಾನು ಸುಮ್ಮನಿರಲಾರದೆ, "ಏನಮ್ಮ, ಮೊಮ್ಮಕ್ಕಳು ಬಂದವರೇನು?" ಅಂದೆ.

"ಇಲ್ಲ ಕಣಪ್ಪ, ಅಂಗನವಾಡಿ ಮಕ್ಕಳಿಗೆ. ಮೊಟ್ಟೆ ದುಡ್ಡು ಬರೋದು ತಡ. ಅಲ್ಲೀಗಂಟ ಮಕ್ಕಳು ಕೇಳ್ತಾವಾ? ಟೀಚರಮ್ಮ ಒಂದಷ್ಟು ಹಾಕ್ತಾರೆ, ನಾನೊಂದಷ್ಟು ಹಾಕ್ತೀನಿ."

ಇಷ್ಟು ಹೇಳಿ ಮೊಟ್ಟೆ ಚೀಲ ಹಿಡಿದುಕೊಂಡು ಹೋದರು. ಶೆಟ್ಟರು ಸಾಲದ ಪುಸ್ತಕ ತೆಗೆದು, ಐನೂರು ಜಮಾ ಹಾಕಿ, ಅದರ ಕೆಳಗೇ ಹತ್ತು ಮೊಟ್ಟೆ ಬರೆದರು. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ನೋಡಿದ್ರಾ ಸಾರ್, ಸರ್ಕಾರ ನನ್ನ ಅಂಗಡೀಲಿ ಸಾಲ ಮಾಡ್ತಾ ಇದೆ. ಹೆಸರು ಮಾತ್ರ ಈಯಮ್ಮಂದು" ಅಂದರು.

ನಲವತ್ತು ಜನರ ಭಾಷಣ ವರದಿ ಮಾಡಿದ್ದೇನೆ. ಇಷ್ಟು ಚೊಕ್ಕವಾಗಿ ವಿಷಯ ಹೇಳಿದವರು ಯಾರೂ ಇಲ್ಲ. ಹಾಗಾಗಿ ಈ ವಾರದ ಅಂಕಣ ಆ ಆಯಮ್ಮನಿಗೆ.

ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಕೂಸು

ಓದುಗರಲ್ಲಿ ಎಷ್ಟು ಜನಕ್ಕೆ ಗೊತ್ತೋ ಇಲ್ಲವೋ. ಕರ್ನಾಟಕದಲ್ಲಿ ಅಂಗನವಾಡಿ ಮೊದಲು ಶುರುವಾದದ್ದು ನಮ್ಮ ತಿರುಮಕೂಡಲು ನರಸೀಪುರದಲ್ಲಿ. 1975ರ ಅಕ್ಟೋಬರ್ 2, ಗಾಂಧಿ ಜಯಂತಿಯ ದಿನ. ಇಡೀ ದೇಶಕ್ಕೆ 33 ಕಡೆ ಪ್ರಯೋಗ ಅಂತ ಮಾಡಿದರು. ಅದರಲ್ಲಿ ನಮ್ಮ ನರಸೀಪುರವೂ ಒಂದು. ಅಲ್ಲಿ ತೆರೆದದ್ದು 100 ಅಂಗನವಾಡಿ. ಇವತ್ತು ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿಗಳಿವೆ. ದೇಶದಲ್ಲಿ ಹತ್ತಿರ ಹತ್ತಿರ 14 ಲಕ್ಷ. 2025ರ ಅಕ್ಟೋಬರ್ 2ಕ್ಕೆ ಯೋಜನೆಗೆ ಐವತ್ತು ವರ್ಷ ತುಂಬಿತು.

ಶುರುವಿನಲ್ಲಿ ಕೊಟ್ಟದ್ದೆಷ್ಟು? ಎಸ್ಸೆಸ್ಸೆಲ್ಸಿ ಪಾಸಾದ ಕಾರ್ಯಕರ್ತೆಗೆ ತಿಂಗಳಿಗೆ 150 ರೂಪಾಯಿ. ಪಾಸಾಗದವರಿಗೆ 100. ಸಹಾಯಕಿಗೆ, ಅಂದರೆ ನಾವು ಆಯಾ ಅಂತ ಕರೆಯುತ್ತೇವಲ್ಲ ಅವರಿಗೆ, 35 ರೂಪಾಯಿ. ತಿಂಗಳಿಗೆ ಸ್ವಾಮಿ, ದಿನಕ್ಕಲ್ಲ. ದಿನಕ್ಕೆ ಒಂದು ರೂಪಾಯಿ ಚಿಲ್ಲರೆ.

ಅಂದಿನವರ ವಾದ ಹೀಗಿತ್ತು. ಊರಿನ ಹೆಂಗಸು, ಊರಿನ ಮಕ್ಕಳು. ಅರ್ಧ ದಿನ ಬಂದು ನೋಡಿಕೊಳ್ಳುತ್ತಾಳೆ. ಇದು ನೌಕರಿ ಅಲ್ಲ, ಸೇವೆ. ಸೇವೆಗೆ ಸಂಬಳ ಕೊಡಬಾರದು, ಗೌರವ ಕೊಡಬೇಕು. ಆದ್ದರಿಂದ ಅದಕ್ಕೆ ಇಟ್ಟ ಹೆಸರು ಗೌರವಧನ.

ಐವತ್ತು ವರ್ಷವಾಯಿತು. ಆ ಹೆಸರು ಇನ್ನೂ ಹಾಗೇ ಇದೆ. ನನ್ನ ತಕರಾರು ಇರುವುದು ಆ ಹೆಸರಿನ ಮೇಲೇ.

ಗೌರವಕ್ಕೆ ತಕ್ಕಡಿ ಇಲ್ಲ

ಅಂಗಡಿ ಇಟ್ಟವರಿಗೆ ಈ ಮಾತು ಬೇಗ ಅರ್ಥವಾಗುತ್ತೆ. ನಿಮ್ಮ ಅಂಗಡಿಗೆ ಒಬ್ಬ ಹುಡುಗನನ್ನು ಇಟ್ಟುಕೊಂಡಿದ್ದೀರಿ ಅನ್ನಿ. ಬೆಳಿಗ್ಗೆ ಕಸ ಗುಡಿಸುತ್ತಾನೆ, ಮೂಟೆ ಇಳಿಸುತ್ತಾನೆ, ತೂಕ ಮಾಡುತ್ತಾನೆ, ಸಂಜೆ ಲೆಕ್ಕ ಒಪ್ಪಿಸುತ್ತಾನೆ. ತಿಂಗಳ ಕೊನೆಗೆ ಅವನ ಕೈಗೆ ಅರ್ಧ ದುಡ್ಡು ಇಟ್ಟು, "ತಗೋಪ್ಪ, ಇದು ಸಂಬಳ ಅಲ್ಲ, ಗೌರವಧನ" ಅನ್ನಿ ನೋಡೋಣ. ಮಾರನೇ ದಿನ ಅವನು ಎದುರು ಅಂಗಡಿಯಲ್ಲಿರುತ್ತಾನೆ. ಅಷ್ಟಕ್ಕೇ ಮುಗಿಯಲ್ಲ, ಲೇಬರ್ ಇನ್ಸ್‌ಪೆಕ್ಟರು ನಿಮ್ಮ ಅಂಗಡಿ ಮೆಟ್ಟಿಲ ಮೇಲಿರುತ್ತಾರೆ.

ಶೆಟ್ಟರು ಮಾಡಿದರೆ ತಪ್ಪು, ಸರ್ಕಾರ ಮಾಡಿದರೆ ಸೇವೆ. ಇದು ಯಾವ ಊರಿನ ನ್ಯಾಯ?

ಅಂಕಿ ನೋಡಿ. ಕೇಂದ್ರ ಸರ್ಕಾರ ಕೊನೆಯದಾಗಿ ಈ ಗೌರವಧನ ಏರಿಸಿದ್ದು 2018ರಲ್ಲಿ. ಆ ವರ್ಷದ ಅಕ್ಟೋಬರ್‌ನಿಂದ ಕಾರ್ಯಕರ್ತೆಗೆ 3000 ಇದ್ದದ್ದು 4500 ಆಯಿತು. ಸಹಾಯಕಿಗೆ 1500 ಇದ್ದದ್ದು 2250. ಇದರಲ್ಲೂ ಪೂರಾ ದುಡ್ಡು ದಿಲ್ಲಿಯದಲ್ಲ. ನೂರಕ್ಕೆ 60 ಅವರದು, 40 ರಾಜ್ಯದ್ದು. 2025 ಮುಗಿಯುವವರೆಗೂ ಅದೇ 4500, ಅದೇ 2250. ಏಳು ವರ್ಷದಲ್ಲಿ ಒಂದು ಪೈಸೆ ಅಲುಗಾಡಲಿಲ್ಲ. 2250ನ್ನು ಮೂವತ್ತು ದಿನಕ್ಕೆ ಹಂಚಿ. ದಿನಕ್ಕೆ 75 ರೂಪಾಯಿ. ಈ ಏಳು ವರ್ಷದಲ್ಲಿ ಅಡುಗೆ ಎಣ್ಣೆ, ಬೇಳೆ, ಗ್ಯಾಸು ಯಾವುದು ಅಲುಗಾಡದೆ ನಿಂತಿತ್ತು ಅಂತ ನಮ್ಮ ಅಂಗಡಿಯವರೇ ಹೇಳಲಿ.

ಮಿಕ್ಕಿದ್ದನ್ನು ರಾಜ್ಯ ತನ್ನ ಕೈಯಿಂದ ಸೇರಿಸುತ್ತೆ. ಸೇರಿಸುತ್ತೆ, ಇಲ್ಲ ಅನ್ನೋದಿಲ್ಲ. ನಮ್ಮ ರಾಜ್ಯ ಹಲವು ರಾಜ್ಯಗಳಿಗಿಂತ ವಾಸಿ ಅಂತಲೂ ಒಪ್ಪೋಣ. ಆದರೆ 2025ರ ಹೆಚ್ಚಳ ಆದ ಮೇಲೂ ಎರಡೂ ಸರ್ಕಾರದ್ದು ಕೂಡಿಸಿದರೆ ಆಯಮ್ಮನ ತಿಂಗಳ ದುಡ್ಡು ಐದಂಕಿ ಮುಟ್ಟಲಿಲ್ಲ. ಗಾರೆ ಕೆಲಸದ ಹೆಣ್ಣಾಳು ತಿಂಗಳಲ್ಲಿ ಇಪ್ಪತ್ತು ದಿನ ಹೋದರೆ ಅದಕ್ಕಿಂತ ಹೆಚ್ಚು ತರುತ್ತಾಳೆ. ಅವಳಿಗೆ ಯಾರೂ ಗೌರವದ ಹೆಸರು ಹೇಳೋದಿಲ್ಲ. ಕೂಲಿ ಅಂತಾರೆ, ಶನಿವಾರ ಕೈಗೆ ಕೊಡ್ತಾರೆ.

ಅದೇ ಮಾರ್ಚ್ ತಿಂಗಳು

ಈಗ ಸ್ವಲ್ಪ 2025ರ ಮಾರ್ಚ್ ತಿಂಗಳಿಗೆ ಹೋಗಿ ಬರೋಣ. ಆ ತಿಂಗಳ ರಾಜ್ಯ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳು ಅಂಗನವಾಡಿ ಕಾರ್ಯಕರ್ತೆಯರಿಗೆ ತಿಂಗಳಿಗೆ 1000 ರೂಪಾಯಿ, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿದರು. ದಿನಕ್ಕೆ ಲೆಕ್ಕ ಹಾಕಿದರೆ ಟೀಚರಿಗೆ 33 ರೂಪಾಯಿ, ಆಯಾಗೆ 25 ರೂಪಾಯಿ. ಎರಡು ಟೀ ಕುಡಿದರೆ ಮುಗಿಯಿತು. 2023ರ ಚುನಾವಣೆಗೆ ಮುಂಚೆ ಇದೇ ಕಾಂಗ್ರೆಸ್ಸಿನವರು ಕಾರ್ಯಕರ್ತೆಯರಿಗೆ 15 ಸಾವಿರ ಮಾಡುತ್ತೇವೆ ಅಂತ ಪ್ರಣಾಳಿಕೆಯಲ್ಲಿ ಬರೆದಿದ್ದರು. ಅದಕ್ಕೆ ಮುಂಚೆ ಇದ್ದ ಬಿಜೆಪಿ ಸರ್ಕಾರವೂ ಧರಣಿ ಕೂತ ಮೇಲೆ 2023ರ ಫೆಬ್ರವರಿ ಬಜೆಟ್ಟಿನಲ್ಲಿ ಸಾವಿರ ರೂಪಾಯಿ ಕೊಟ್ಟು ಕೈತೊಳೆದುಕೊಂಡಿತ್ತು. ಆ ಪಕ್ಷ, ಈ ಪಕ್ಷ ಅಂತ ನಾನು ಭೇದ ಮಾಡೋದಿಲ್ಲ. ಆಯಮ್ಮನೂ ಮಾಡೋದಿಲ್ಲ.

ಅದೇ ಮಾರ್ಚ್ ತಿಂಗಳ 21ನೇ ತಾರೀಕು ವಿಧಾನಸಭೆಯಲ್ಲಿ ಇನ್ನೊಂದು ಮಸೂದೆ ಪಾಸಾಯಿತು. ಸದನದಲ್ಲಿ ಅವತ್ತು ಭಾರೀ ಗದ್ದಲ, ಕೂಗಾಟ, ಕಾಗದ ಹರಿದು ಎಸೆದಾಟ. ಆ ಗದ್ದಲದ ನಡುವೆಯೇ ಚರ್ಚೆಯೇ ಇಲ್ಲದೆ ಪಾಸಾದದ್ದು ಶಾಸಕರ ಸಂಬಳ ಹೆಚ್ಚಳ. ಶಾಸಕರ ತಿಂಗಳ ಸಂಬಳ 40 ಸಾವಿರದಿಂದ 80 ಸಾವಿರಕ್ಕೆ. ಮುಖ್ಯಮಂತ್ರಿಗಳದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ. ಭತ್ಯೆಗಳ ಮಾತು ಬೇರೆ. ಮಿಕ್ಕ ಎಲ್ಲಾ ವಿಷಯಕ್ಕೂ ಜಗಳ ಆಡುವ ಎರಡು ಕಡೆಯವರಲ್ಲಿ ಈ ಒಂದಕ್ಕೆ ಅಡ್ಡಗಾಲು ಹಾಕಿದವರು ಕಾಣಲಿಲ್ಲ.

ಶಾಸಕರಿಗೆ ಸಂಬಳ ಬೇಡ ಅಂತ ನಾನು ಹೇಳುತ್ತಿಲ್ಲ. ಬೆಲೆ ಏರಿದೆ ಅಂತ ಅವರು ಕೊಟ್ಟ ಕಾರಣವನ್ನೂ ಒಪ್ಪುತ್ತೇನೆ. ಕೇಳುವುದು ಇಷ್ಟೇ. ವಿಧಾನಸೌಧದ ಕ್ಯಾಂಟೀನಿನಲ್ಲಿ ಏರಿದ ಬೆಲೆ ಹೋಬಳಿ ಊರಿನ ಅಂಗಡಿಯಲ್ಲಿ ಏರಲಿಲ್ಲವೇ? ಒಬ್ಬ ಶಾಸಕರ ಒಂದು ತಿಂಗಳ ಹೆಚ್ಚಳದಲ್ಲಿ 53 ಆಯಾಗಳ ಹೆಚ್ಚಳ ಕೂರುತ್ತೆ. ಇದು ನನ್ನ ಮಾತಲ್ಲ, ಭಾಗಾಕಾರದ ಮಾತು. ಇನ್ನೊಂದು ನೋಡಿ. ಶಾಸಕರು ತಮ್ಮದನ್ನು ಗೌರವಧನ ಅನ್ನಲಿಲ್ಲ. ವೇತನ ಅಂದರು. ಪದದ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿದೆ.

ಏನು ಮಹಾ ಕೆಲಸ ಅನ್ನೋರಿಗೆ

"ಮಕ್ಕಳನ್ನ ಮಲಗಿಸಿ ತಾವೂ ಮಲಗ್ತಾರೆ, ಅದಕ್ಕೇನ್ರೀ ಸಂಬಳ" ಅನ್ನೋ ಮಾತನ್ನು ಬಸ್ಸಿನಲ್ಲಿ ಕೇಳಿದ್ದೇನೆ. ಹೇಳಿದವರು ಪ್ಯಾಂಟು ಇಸ್ತ್ರಿ ಮಾಡಿಕೊಂಡ ನೌಕರರೇ. ಅವರಿಗಾಗಿ ಒಂದು ದಿನ ಪೂರಾ ಒಂದು ಅಂಗನವಾಡಿಯಲ್ಲಿ ಕೂತು ಬಂದೆ. ನೋಡಿದ್ದು ಬರೆಯುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೇ ಆಯಮ್ಮ ಬಂದು ಬೀಗ ತೆಗೆದರು. ಕಸ ಹೊಡೆದು, ನೀರು ಹೊತ್ತು ತಂದು, ನಾಲ್ಕು ಮನೆಗೆ ಹೋಗಿ ಮಕ್ಕಳನ್ನು ಕರೆದುಕೊಂಡು ಬಂದರು. ಒಂದು ಮಗು ಅಳುತ್ತಾ ಸೊಂಟದ ಮೇಲೆ, ಇನ್ನೊಂದು ಕೈ ಹಿಡಿದುಕೊಂಡು. ಹಾಲಿನ ಪುಡಿ ಕದಡಿ ಹಾಲು ಕಾಯಿಸಿದರು. ಅಕ್ಕಿ ಆರಿಸಿ, ಬೇಳೆ ತೊಳೆದು ಅಡುಗೆಗೆ ಇಟ್ಟರು. ನಡುವೆ ಎರಡು ಮಕ್ಕಳು ಚಡ್ಡಿಯಲ್ಲೇ ಮಾಡಿಕೊಂಡವು. ತೊಳೆದವರು ಆಯಮ್ಮ. ಊಟಕ್ಕೆ ಗರ್ಭಿಣಿಯರು ಬಂದರು. 2017ರ ಅಕ್ಟೋಬರ್‌ನಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೂ ಅಲ್ಲೇ ಊಟ. ಮಧ್ಯಾಹ್ನ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಮತ್ತೆ ಮನೆ ಮನೆಗೆ ಬಿಟ್ಟು ಬರುವಾಗ ಸಂಜೆ ನಾಲ್ಕೂವರೆ.

ಟೀಚರಮ್ಮ ಏನು ಮಾಡುತ್ತಿದ್ದರು? ಮಕ್ಕಳಿಗೆ ಹಾಡು, ಕತೆ ಹೇಳಿಸಿದರು. ಒಬ್ಬೊಬ್ಬರನ್ನೇ ತಕ್ಕಡಿ ಮೇಲೆ ನಿಲ್ಲಿಸಿ ತೂಕ ನೋಡಿದರು. ಎತ್ತರ ಅಳೆದರು. ಒಂದು ಮಗುವಿನ ರಟ್ಟೆಗೆ ಪಟ್ಟಿ ಸುತ್ತಿ ನೋಡಿ, ತಾಯಿಯನ್ನು ಕರೆಸಿ, "ತೂಕ ಇಳಿದಿದೆ ಕಣಮ್ಮ, ನಾಳೆನೇ ಆಸ್ಪತ್ರೆಗೆ ಹೋಗು, ನಾನೂ ಬರ್ತೀನಿ" ಅಂದರು. ಮಿಕ್ಕ ಹೊತ್ತೆಲ್ಲಾ ಮೊಬೈಲು. 2021ರಲ್ಲಿ ಪೋಷಣ್ ಟ್ರ್ಯಾಕರ್ ಅಂತ ಒಂದು ಆ್ಯಪ್ ಬಂತು. ಯಾವ ಮಗು ಬಂತು, ಎಷ್ಟು ತೂಕ, ಏನು ತಿಂತು, ಎಲ್ಲಾ ಅದಕ್ಕೆ ತುಂಬಬೇಕು. 2025ರಲ್ಲಿ ಅದಕ್ಕೆ ಮುಖದ ಫೋಟೋ ಹಿಡಿಯುವ ಪದ್ಧತಿ ಬಂತು. ಬಾಣಂತಿಯ ಮುಖ ಆ್ಯಪು ಒಪ್ಪಿದರೆ ಮನೆಗೆ ಕೊಡುವ ಪೌಷ್ಟಿಕ ಆಹಾರ ಕೊಡಬಹುದು. ಒಪ್ಪದಿದ್ದರೆ? ನೆಟ್‌ವರ್ಕ್ ಸಿಗುವ ಹುಣಸೆ ಮರದ ಕೆಳಗೆ ಹೋಗಿ ನಿಲ್ಲಬೇಕು. ಕೂಸು ಎತ್ತಿಕೊಂಡ ಬಾಣಂತಿ ಮತ್ತು ಟೀಚರು ಇಬ್ಬರೂ ಬಿಸಿಲಲ್ಲಿ ನಿಂತದ್ದನ್ನು ಈ ಕಣ್ಣಿಂದ ನೋಡಿದೆ.

ಇದರ ಮೇಲೆ ಮತದಾರರ ಪಟ್ಟಿ, ಆ ಸರ್ವೆ, ಈ ಸರ್ವೆ. 2020ರಲ್ಲಿ ಕೊರೊನಾ ಬಂದಾಗ ನಾವೆಲ್ಲ ಚಿಲಕ ಹಾಕಿಕೊಂಡು ಒಳಗೆ ಕೂತಿದ್ದೆವು. ಮನೆ ಮನೆ ಬಾಗಿಲು ತಟ್ಟಿ ಜ್ವರ ಇದೆಯಾ ಅಂತ ಕೇಳಿದವರು ಆಶಾ ಕಾರ್ಯಕರ್ತೆಯರು ಮತ್ತು ಇವರು. ಆಗ ಚಪ್ಪಾಳೆ ತಟ್ಟಿದೆವು, ತಟ್ಟೆ ಬಡಿದೆವು. ಚಪ್ಪಾಳೆಗೆ ಶೆಟ್ಟರು ಅಕ್ಕಿ ಕೊಡೋದಿಲ್ಲ.

ಕೆಲಸ ಇಷ್ಟಾದರೂ ಅರ್ಹತೆ ಮಾತ್ರ ಏರುತ್ತಾ ಹೋಗಿದೆ. 2022ರ ಹೊಸ ನಿಯಮದಂತೆ ಕಾರ್ಯಕರ್ತೆ ಆಗಲು ಪಿಯುಸಿ ಪಾಸಾಗಿರಬೇಕು, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ನಾನು ಪಿಯುಸಿ ಅರ್ಧಕ್ಕೆ ಬಿಟ್ಟು ಪೇಪರಿಗೆ ಸೇರಿದವನು. ಊರಿನವರಿಗೆಲ್ಲ ಬುದ್ಧಿ ಹೇಳಿ ಅಂಕಣ ಬರೆಯುತ್ತೇನೆ. ಆದರೆ ಮೂರು ವರ್ಷದ ಮಗುವಿಗೆ ಅಆಇಈ ಹೇಳಿಕೊಡಲು ಸರ್ಕಾರದ ಲೆಕ್ಕದಲ್ಲಿ ನನಗೆ ಯೋಗ್ಯತೆ ಇಲ್ಲ! ಅದು ಸರಿ ಅಂತಲೇ ಇಟ್ಟುಕೊಳ್ಳಿ. ಕಲಿತವರೇ ಬೇಕು ಅಂದಮೇಲೆ ಕಲಿತವರಿಗೆ ಕೊಡುವಷ್ಟು ಕೊಡಬೇಕೋ ಬೇಡವೋ?

ಕಳ್ಳರಿಲ್ಲವೇ?

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಇವರಲ್ಲಿ ಎಲ್ಲರೂ ದೇವತೆಗಳಲ್ಲ. 2024ರ ಆಗಸ್ಟಿನಲ್ಲಿ ಕೊಪ್ಪಳ ಜಿಲ್ಲೆಯ ಒಂದು ಅಂಗನವಾಡಿಯಲ್ಲಿ ಮಕ್ಕಳ ತಟ್ಟೆಗೆ ಮೊಟ್ಟೆ ಇಟ್ಟು, ಫೋಟೋ ತೆಗೆದು, ವಾಪಸು ಎತ್ತಿಕೊಂಡ ವಿಡಿಯೋ ನೀವೂ ನೋಡಿರಬಹುದು. ಅಂಥವರನ್ನು ಸಸ್ಪೆಂಡ್ ಮಾಡಿದ್ದು ಸರಿ. ಮಗುವಿನ ಬಾಯಿಂದ ಕಿತ್ತುಕೊಂಡವರ ಪರ ನಾನು ಬರೆಯೋದಿಲ್ಲ.

ಆದರೆ ಲಂಚ ತಿಂದ ಒಬ್ಬ ಗುಮಾಸ್ತ ಸಿಕ್ಕಿಬಿದ್ದಾಗ ಎಲ್ಲಾ ಗುಮಾಸ್ತರ ಸಂಬಳ ಅರ್ಧ ಮಾಡಿದ್ದುಂಟೇ? ಕೆಟ್ಟವರಿಗೆ ಶಿಕ್ಷೆ ಕೊಡಿ, ಕೆಲಸ ಮಾಡಿದವರಿಗೆ ಕೂಲಿ ಕೊಡಿ. ಅದು ಬೇರೆ ಲೆಕ್ಕ, ಇದು ಬೇರೆ ಲೆಕ್ಕ. ಕೂಲಿ ಸರಿಯಾಗಿ ಕೊಟ್ಟ ಧಣಿಗೇ ಕೆಲಸ ಸರಿಯಾಗಿ ಕೇಳುವ ಬಾಯಿ ಇರುವುದು.

"ಗೃಹಲಕ್ಷ್ಮಿ ಎರಡು ಸಾವಿರ ಬರುತ್ತೆ, ಬಸ್ಸೂ ಫ್ರೀ, ಇನ್ನೇನು ಬೇಕಂತೆ?" ಅನ್ನೋದು ಇನ್ನೊಂದು ಮಾತು. ಗೃಹಲಕ್ಷ್ಮಿ ನಮ್ಮ ಮೈಸೂರಿನಲ್ಲೇ 2023ರ ಆಗಸ್ಟ್ 30ರಂದು ಉದ್ಘಾಟನೆಯಾದ ಯೋಜನೆ. ಒಳ್ಳೆಯದೇ. ಅದು ಮನೆ ಯಜಮಾನಿ ಅನ್ನೋ ಕಾರಣಕ್ಕೆ ಬರುವ ದುಡ್ಡು. ಕೆಲಸ ಮಾಡಲಿ ಬಿಡಲಿ ಬರುತ್ತೆ. ಇದು ಬೆವರು ಸುರಿಸಿದ್ದಕ್ಕೆ ಬರಬೇಕಾದ ದುಡ್ಡು. ಹಬ್ಬಕ್ಕೆ ಸೀರೆ ಕೊಟ್ಟಿದ್ದೀನಿ ಅಂತ ಧಣಿ ಕೂಲಿ ಮುರಿದುಕೊಂಡರೆ ನೀವು ಒಪ್ತೀರಾ? ಇನ್ನು ಬಸ್ಸಿನ ಮಾತು. ಬಸ್ಸು ಫ್ರೀ, ನಿಜ. ಆದರೆ ಇಳಿದ ಮೇಲೆ ಸಿಗುವ ಅಕ್ಕಿ, ಔಷಧಿ, ಮನೆ ಬಾಡಿಗೆ ಯಾವುದೂ ಫ್ರೀ ಅಲ್ಲ.

ಕೋರ್ಟು ಹೇಳಿದ್ದೇನು

ಈ ಜಗಳ ಕೋರ್ಟು ಮೆಟ್ಟಿಲೂ ಹತ್ತಿದೆ. ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ಅನ್ನುವ ಮೊಕದ್ದಮೆಯಲ್ಲಿ, 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರದು ಸರ್ಕಾರಿ ಹುದ್ದೆ ಅಲ್ಲ ಅಂದುಬಿಟ್ಟಿತು. ಸರ್ಕಾರಗಳು ಆ ತೀರ್ಪನ್ನು ತಾಯತದ ಹಾಗೆ ಕಟ್ಟಿಕೊಂಡು ಓಡಾಡಿದವು.

2013ರಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘ ಮೂವರೂ ಕೂರುವ ಭಾರತ ಕಾರ್ಮಿಕ ಸಮ್ಮೇಳನದ 45ನೇ ಸಭೆ, ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರು ಅಂತ ಒಪ್ಪಿ ಕನಿಷ್ಠ ವೇತನ ಕೊಡಿ ಅಂತ ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿ ಕೂತಿತು.

ಆಮೇಲೆ 2022ರ ಏಪ್ರಿಲ್ 25ರಂದು ಗುಜರಾತಿನ ಅಂಗನವಾಡಿಯವರು ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಮಾತು ಹೇಳಿದರು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಇವರು ಮಾಡುತ್ತಿರುವುದು ಕಾನೂನು ವಹಿಸಿದ ಕೆಲಸ, ಇವರಿಗೆ ಗ್ರಾಚ್ಯುಟಿ ಕೊಡಲೇಬೇಕು ಅಂದರು. ಇವರಿಗೆ ಕೊಡುತ್ತಿರುವುದು ಹೆಸರಿಗೆ ಗೌರವಧನ ಆದರೂ ಕಾಯ್ದೆಯ ಲೆಕ್ಕದಲ್ಲಿ ಅದು ವೇತನವೇ ಅನ್ನುವುದು ಆ ತೀರ್ಪಿನ ತಿರುಳು. ಅಂದರೆ ಶೆಟ್ಟರ ಅಂಗಡಿಯಲ್ಲಿ ನಾವು ಆಡುವ ಮಾತನ್ನೇ ದೊಡ್ಡ ಕೋರ್ಟು ಆಡಿತು.

ಗ್ರಾಚ್ಯುಟಿ ಅಂದರೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ, ಕೆಲಸ ಬಿಡುವಾಗ ಕೊಡುವ ಗಂಟು. ತಿಂಗಳನ್ನು 26 ದಿನ ಅಂತ ಲೆಕ್ಕ ಹಾಕ್ತಾರೆ. ಆಯಮ್ಮ ಮೂವತ್ತು ವರ್ಷ ದುಡಿದು, ಕೊನೆಯ ತಿಂಗಳು 6000 ತೆಗೆದುಕೊಂಡರು ಅಂತಿಟ್ಟುಕೊಳ್ಳಿ. ಗಂಟು ಎಷ್ಟಾಗುತ್ತೆ? 1 ಲಕ್ಷ 3 ಸಾವಿರದ ಚಿಲ್ಲರೆ. ಮೂವತ್ತು ವರ್ಷಕ್ಕೆ! ಒಂದು ಸಲ ಆಸ್ಪತ್ರೆಗೆ ಸೇರಿದರೆ ಖಾಲಿ. ತಿಂಗಳ ದುಡ್ಡು ಅದರ ಎರಡರಷ್ಟು ಇದ್ದರೆ ಗಂಟೂ ಎರಡರಷ್ಟು. ಅಂದರೆ ಇವತ್ತು ಕಡಿಮೆ ಕೊಟ್ಟದ್ದು ಇವತ್ತಿಗೇ ಮುಗಿಯೋದಿಲ್ಲ. ಮುಪ್ಪಿನವರೆಗೂ ಬೆನ್ನಟ್ಟಿಕೊಂಡು ಹೋಗುತ್ತೆ.

2025ರ ನವೆಂಬರ್ 21ರಿಂದ ದೇಶದಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಹಳೆಯ ಕನಿಷ್ಠ ವೇತನ ಕಾಯ್ದೆ, ಗ್ರಾಚ್ಯುಟಿ ಕಾಯ್ದೆ ಎಲ್ಲಾ ಅದರ ಹೊಟ್ಟೆಯೊಳಗೆ ಸೇರಿದವು. ಇಷ್ಟು ದೊಡ್ಡ ಪುಸ್ತಕ ಬರೆದವರಿಗೆ ಗೌರವಧನ ಅನ್ನೋ ಐದಕ್ಷರ ಹೊಡೆದು, ವೇತನ ಅನ್ನೋ ಮೂರಕ್ಷರ ಬರೆಯಲು ಶಾಯಿ ಸಾಲಲಿಲ್ಲವೇ?

ದುಡ್ಡು ಎಲ್ಲಿದೆ?

"ಮಾತು ಸರಿ, ದುಡ್ಡು ಎಲ್ಲಿಂದ?" ಇದು ಪ್ರತಿ ಸಲ ಬರುವ ಪ್ರಶ್ನೆ. ಬನ್ನಿ, ಅಂಗಡಿ ಲೆಕ್ಕವನ್ನೇ ಹಾಕೋಣ.

ರಾಜ್ಯದಲ್ಲಿ ಸುಮಾರು 70 ಸಾವಿರ ಅಂಗನವಾಡಿ. ಒಂದಕ್ಕೆ ಇಬ್ಬರು ಅಂದರೂ ಹೆಚ್ಚೆಂದರೆ 1 ಲಕ್ಷ 40 ಸಾವಿರ ಹೆಂಗಸರು. ಒಬ್ಬೊಬ್ಬರಿಗೆ ತಿಂಗಳಿಗೆ ಇನ್ನೂ 3000 ಹೆಚ್ಚು ಕೊಟ್ಟರೆ ತಿಂಗಳಿಗೆ 42 ಕೋಟಿ, ವರ್ಷಕ್ಕೆ 504 ಕೋಟಿ. ಕೇಳಿದರೆ ತಲೆ ತಿರುಗುತ್ತೆ, ನಿಜ. ಆದರೆ ನಮ್ಮ ರಾಜ್ಯದ 2025-26ರ ಬಜೆಟ್ಟು ಎಷ್ಟು? 4 ಲಕ್ಷ 9 ಸಾವಿರ ಕೋಟಿಯ ಮೇಲೆ. ನೂರು ರೂಪಾಯಿಯಲ್ಲಿ ಹನ್ನೆರಡು ಪೈಸೆ! ಹನ್ನೆರಡು ಪೈಸೆಗೆ ಸರ್ಕಾರ ಮುಳುಗುತ್ತೆ ಅನ್ನೋರು ತಮ್ಮ ಅಂಗಡಿಯನ್ನು ಹೇಗೆ ನಡೆಸುತ್ತಾರೋ ನಾ ಕಾಣೆ. ಅದರಲ್ಲೂ ದಿಲ್ಲಿಯವರು ತಮ್ಮ ಪಾಲು ಏರಿಸಿದರೆ ರಾಜ್ಯದ ಹೊರೆ ಇನ್ನೂ ಇಳಿಯುತ್ತೆ. ದಿಲ್ಲಿಯವರು ರಾಜ್ಯದ ಕಡೆ, ರಾಜ್ಯದವರು ದಿಲ್ಲಿ ಕಡೆ ಬೆರಳು ತೋರಿಸುವ ಆಟದಲ್ಲಿ ಬೆರಳು ನೋಯುವುದು ಮಾತ್ರ ಆಯಮ್ಮನದು.

ಇನ್ನು ಈ ದುಡ್ಡು ಎಲ್ಲಿಗೆ ಹೋಗುತ್ತೆ ಅನ್ನೋದನ್ನು ನಮ್ಮ ವರ್ತಕ ಓದುಗರು ಯೋಚಿಸಬೇಕು. ಒಂದು ಹೋಬಳಿಯಲ್ಲಿ 50 ಅಂಗನವಾಡಿ ಇವೆ ಅಂತಿಟ್ಟುಕೊಳ್ಳಿ. ನೂರು ಹೆಂಗಸರು. ತಲಾ 3000 ಅಂದರೆ ತಿಂಗಳಿಗೆ 3 ಲಕ್ಷ, ವರ್ಷಕ್ಕೆ 36 ಲಕ್ಷ. ಈ ದುಡ್ಡು ಸ್ವಿಟ್ಜರ್‌ಲೆಂಡಿಗೆ ಹೋಗೋದಿಲ್ಲ, ಬೆಂಗಳೂರಿನ ಸೈಟಿಗೂ ಹೋಗೋದಿಲ್ಲ. ಅದೇ ಹೋಬಳಿಯ ದಿನಸಿ ಅಂಗಡಿಗೆ, ಬಟ್ಟೆ ಅಂಗಡಿಗೆ, ಔಷಧಿ ಅಂಗಡಿಗೆ, ಮಗಳ ಕಾಲೇಜು ಫೀಸಿಗೆ ಬರುತ್ತೆ. ಬಾಕಿ ಪುಸ್ತಕದ ಹಾಳೆಗಳು ಹೊಡೆದು ಹೋಗುತ್ತವೆ. ಬಡವರ ಕೈಗೆ ಬಂದ ದುಡ್ಡು ರಾತ್ರಿ ಕಳೆಯುವುದರೊಳಗೆ ಗಲ್ಲಾ ಪೆಟ್ಟಿಗೆಗೆ ಬರುತ್ತೆ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ಇವರು ಸುಮ್ಮನೆ ಕೂತಿಲ್ಲ. 2023ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅಂಗನವಾಡಿಯವರು ರಾತ್ರಿ ಹಗಲು ಧರಣಿ ಕೂತರು. 2025ರ ಜನವರಿಯಲ್ಲಿ ಅದೇ ಜಾಗದಲ್ಲಿ ಆಶಾ ಕಾರ್ಯಕರ್ತೆಯರು ಕೂತು, ತಿಂಗಳಿಗೆ ಕಡೇಪಕ್ಷ 10 ಸಾವಿರ ಸಿಗುವಂತೆ ಮಾಡುತ್ತೇವೆ ಅನ್ನೋ ಮಾತು ಪಡೆದು ಎದ್ದರು. ಕೂತವರಿಗೇ ಸಿಕ್ಕಿದ್ದು. ಸಿಕ್ಕಿದ್ದೆಲ್ಲಾ ಕೂತಿದ್ದರಿಂದಲೇ. ಮುಂದಿನ ಸಲ ಇವರ ಮೆರವಣಿಗೆಯಿಂದ ನಿಮ್ಮ ಬಸ್ಸು ಅರ್ಧ ಗಂಟೆ ನಿಂತರೆ, ದಯವಿಟ್ಟು ಕಿಟಕಿಯಿಂದ ಬೈಯಬೇಡಿ. ನಿಮ್ಮ ಮಗುವೋ, ನಿಮ್ಮ ಮನೆ ಕೆಲಸದವಳ ಮಗುವೋ, ನಿಮ್ಮ ಊರಿನ ಕೂಲಿಯವನ ಮಗುವೋ, ಇವರ ಕೈಯಲ್ಲಿ ಉಂಡದ್ದು ಇದ್ದೇ ಇರುತ್ತೆ.

ಇನ್ನೊಂದು ಕೆಲಸ ಮಾಡಿ. ಓಟು ಕೇಳಲು ಬಂದವರನ್ನು ಅಂಗಡಿ ಬಾಗಿಲಲ್ಲೇ ನಿಲ್ಲಿಸಿ ಮೂರು ಪ್ರಶ್ನೆ ಕೇಳಿ. ಅಂಗನವಾಡಿ ಟೀಚರಿಗೆ, ಆಯಾಗೆ ಕೊಡುವುದನ್ನು ಸಂಬಳ ಅಂತ ಬರೆಯುತ್ತೀರಾ? ಕನಿಷ್ಠ ವೇತನಕ್ಕೆ ಕಡಿಮೆ ಇಲ್ಲದಂತೆ ಕೊಡುತ್ತೀರಾ? ತಿಂಗಳು ತಿಂಗಳು ತಾರೀಕಿಗೆ ಸರಿಯಾಗಿ ಕೊಡುತ್ತೀರಾ? ಭಾಷಣ ಬೇಡ. ಹೌದು ಅಥವಾ ಇಲ್ಲ.

ಅವತ್ತು ಕೊನೆಗೂ ಬಸ್ಸು ಬಂತು. ಹತ್ತುವ ಮುಂಚೆ ಶೆಟ್ಟರನ್ನು ಕೇಳಿದೆ. "ಅಲ್ಲ ಶೆಟ್ರೇ, ಇಷ್ಟು ಬಾಕಿ ಇದ್ದರೂ ಕೊಡ್ತೀರಲ್ಲ, ಆಯಮ್ಮ ತೀರಿಸ್ತಾರೆ ಅಂತ ನಂಬಿಕೆನಾ?"

ಶೆಟ್ಟರು ನಕ್ಕರು. "ಆಯಮ್ಮನ ಮೇಲೆ ನಂಬಿಕೆ ಇದೆ ಸಾರ್. ಇಪ್ಪತ್ತೆಂಟು ವರ್ಷದಿಂದ ತೀರಿಸ್ತಾನೇ ಇದ್ದಾರೆ. ನನ್ನ ಮಗ ಆಯಮ್ಮನ ಕೈಲೇ ಅನ್ನ ತಿಂದು ಬೆಳೆದೋನು. ಈಗ ಇಂಜಿನಿಯರು. ನಂಬಿಕೆ ಇಲ್ಲದೇ ಇರೋದು ದುಡ್ಡು ಕಳಿಸೋರ ಮೇಲೆ."

ಇಪ್ಪತ್ತೆಂಟು ವರ್ಷ. ಇನ್ನೆರಡು ವರ್ಷಕ್ಕೆ ಆಯಮ್ಮ ಮನೆಗೆ ಹೋಗುತ್ತಾರೆ. ಅವತ್ತು ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ಖಂಡಿತ ಸಿಗುತ್ತೆ. ಗೌರವಕ್ಕೆ ನಮ್ಮಲ್ಲಿ ಯಾವತ್ತೂ ಬರ ಇಲ್ಲ. ಆದರೆ ಶೆಟ್ಟರ ಪುಸ್ತಕದಲ್ಲಿ ಆ ಹತ್ತು ಮೊಟ್ಟೆ ಆಕೆಯ ಹೆಸರಿನ ಕೆಳಗೇ ಬರೆದಿದೆ. ಅದನ್ನು ಹೊಡೆದು, ತಿನ್ನಬೇಕಾದವರ ಹೆಸರಿಗೆ ಬರೆಯುವ ದಿನ ಯಾವಾಗ ಬಂದೀತು?

ಸಂಬಂಧಪಟ್ಟವರು ಇತ್ತ ನೋಡುವರೇ?